ಹಳದಿಯಾದ ಸರ್ವರ್

ಶಲವಡಿಯಲ್ಲಿ ಬಸ್ಸಿಗೆ ಕಾಯುತ್ತ, ಗುರುತಿಲ್ಲದ ಅಜ್ಜಿಯೊಬ್ಬರ ಮನೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕಂಪನಿಯ ಸರ್ಚ್ ಸರ್ವರ್‌ಗಳನ್ನು ಅಪ್‌ಗ್ರೇಡ್ ಮಾಡುತ್ತಿದ್ದೆ. ಒಂದೊಂದನ್ನೇ ನಿಲ್ಲಿಸಿ, ಹೊಸ ಆವೃತ್ತಿ ಹಾಕಿ ಎಬ್ಬಿಸಬೇಕು. ಅಲ್ಲಿಯವರೆಗೆ ಉಳಿದವು ಅದರ ಕೆಲಸವನ್ನೂ ಹೊರುತ್ತವೆ. ಅದು ಪೂರ್ತಿ ಚೇತರಿಸಿಕೊಳ್ಳುವ ತನಕ ಪರದೆಯಲ್ಲಿ ಹಳದಿ ಬಣ್ಣ, ಆಮೇಲೆ ಹಸಿರು.

ಅಜ್ಜಿ ಇಣುಕಿದರು. "ಹಳದಿ ಆಗೇತಲ್ಲೋ ತಮ್ಮಾ, ಕಾಮಣಿ ರೋಗ ಏನು?"

"ಹಂಗ ಅಂತ ತಿಳೀರಿ ಅಮ್ಮಾ. ಇದೊಂದು ಕಡೀದು, ಇನ್ನೂ ಎದ್ದಿಲ್ಲ."

ಅಷ್ಟರಲ್ಲಿ ಬಸ್ಸು ಬಂತು. ಆ ಕಟ್ಟೆ ಬಿಟ್ಟರೆ ನೆಟ್‌ವರ್ಕ್ ಇಲ್ಲ. ಅಜ್ಜಿ ರಸ್ತೆಗಿಳಿದು ಕೈ ಅಡ್ಡ ಹಿಡಿದರು. "ಜರಾ ತಡಿಯಪಾ, ಇವನ ಮಷೀನಿಗೆ ಆರಾಮಿಲ್ಲ."

ಬಸ್ಸು ನಿಂತಿತು. ಹಸಿರಾದ ಮೇಲೆ ಹತ್ತಿದೆ. ಕಂಡಕ್ಟರ್ ಟಿಕೆಟ್ಟಿಗಿಂತ ಮೊದಲು, "ಈಗ ಹೆಂಗೈತ್ರಿ ಅದಕ್ಕ?" ಎಂದ.

ಆಮೇಲೆ ಮ್ಯಾನೇಜರ್ ಫೋನಿನಲ್ಲಿ, ಗಿರಾಕಿಗಳಿಗೆ ತೊಂದರೆ ಆಯಿತೇ ಎಂದು ಕೇಳಿದರು. "ಇಲ್ರಿ, ಎಲ್ಲಾ ಮಷೀನೂ ಆರಾಮ ಅದಾವ್ರಿ" ಅಂದುಬಿಟ್ಟೆ.