ಡ್ರೈವರಣ್ಣನ ಬಾಯಿ ತಪ್ಪಿದ ಪ್ರಾರ್ಥನೆ

ಚರ್ಚಿನ ಸಭೆಯಲ್ಲಿ ಡ್ರೈವರಣ್ಣ ಪ್ರಾರ್ಥನೆಗೆ ಎದ್ದು ನಿಂತರೆ ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದರು. ಕೈ ತೋರಿಸಿದ ಕಡೆಯೆಲ್ಲ ಬಸ್ಸು ನಿಲ್ಲಿಸುವ ಮನುಷ್ಯ, ಪ್ರಾರ್ಥನೆಯಲ್ಲಿ ಮಾತ್ರ ಎಲ್ಲೂ ಬ್ರೇಕ್ ಹಾಕನು. ಆದರೂ ಯಾರ ಮೈ ಬಿಸಿಯಾದರೂ ಮೊದಲು ಕರೆ ಹೋಗುವುದು ಅವನಿಗೇ. ದೇವರ ಹತ್ತಿರ ಅಷ್ಟು ಹೊತ್ತು ಗೋಗರೆಯಲು ಬೇರೆಯವರಿಗೆ ತಾಳ್ಮೆಯೆಲ್ಲಿದೆ?

ಅಂಥವನ ಬಾಯಿ ಕಟ್ಟಿಹೋದದ್ದು ಕಂಡಕ್ಟರ್ ತೀರಿಕೊಂಡ ಮೇಲೆ. ಒಂದೇ ಬಸ್ಸಿನಲ್ಲಿ ಅರ್ಧ ಆಯುಸ್ಸು ಕಳೆದ ಗೆಳೆಯ ಅವನು. ಮಣ್ಣು ಮಾಡಿ ಬಂದ ಮೇಲೂ ಅವನ ಹೆಂಡತಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಪಾದ್ರಿಯವರು ಬಂದಾಗ ಕೈ ಮುಗಿದು, "ಕೂತು ಹೋಗಿ, ಪ್ರಾರ್ಥನೆ ಮಾತ್ರ ಬೇಡ. ಮಾಡಿದ್ದೆಲ್ಲ ಸಾಕು," ಎಂದಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತವಳು ಊಟಕ್ಕೂ ಏಳುತ್ತಿರಲಿಲ್ಲ. "ಹೀಗೇ ಬಿಟ್ರೆ ಇವಳೂ ಕೈ ತಪ್ಪಿ ಹೋಗ್ತಾಳಪ್ಪ, ನೀನೇ ಬಾ," ಎಂದು ಕಂಡಕ್ಟರನ ತಾಯಿ ಡಿಪೋಗೇ ಬಂದು ಕರೆದಳು.

ಡ್ರೈವರಣ್ಣ ಹೋದ. ಗಿರಾಕಿಗಳ ಬಟ್ಟೆ ಸರಿಸಿ ಸ್ಟೂಲಿನ ಮೇಲೆ ಕೂತ. ಎಷ್ಟು ಮಾತಾಡಿಸಿದರೂ ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. ಕೊನೆಗೆ ಮುದುಕಿಯೇ, "ಮೇಲಿನವನ ಹತ್ರ ಒಂದೇ ಒಂದು ಮಾತು ಹೇಳಪ್ಪ," ಎಂದು ಅಂಗಲಾಚಿದಳು. ಸೊಸೆ ಬೇಡ ಎನ್ನಲಿಲ್ಲ. ಯಂತ್ರ ತುಳಿಯುತ್ತಲೇ ಇದ್ದಳು.

ಅವನು ಕಣ್ಣು ಮುಚ್ಚಿದ. ಗೆಳೆಯನಿಗೆ ಉಬ್ಬಸ ಹತ್ತಿದಾಗಿನಿಂದ ದಿನಾ ಬಸ್ಸು ಹೊರಡಿಸುವ ಮುಂಚೆ ಹೇಳಿ ಹೇಳಿ ನಾಲಗೆಗೆ ಅಂಟಿಕೊಂಡಿದ್ದ ಮಾತೇ ಹೊರಬಿತ್ತು: "ಯೇಸಪ್ಪಾ, ನಮ್ಮ ಕಂಡಕ್ಟರಿಗೆ ಉಸಿರು ಸಲೀಸು ಮಾಡು."

ಯಂತ್ರ ನಿಂತಿತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಡ್ರೈವರಣ್ಣನಿಗೆ. "ತಪ್ಪಾಯ್ತು ತಂಗಿ, ನನ್ನ ಬಾಯಿಗಿಷ್ಟು ಮಣ್ಣು ಹಾಕ."

"ಈಗ ಅವರಿಗೆ ಉಬ್ಬಸ ಇಲ್ಲ, ಅಲ್ವಾ ಅಣ್ಣ?" ಎಂದಳು ಅವಳು.

ಕೇಳಿದ್ದ ಬೋಧನೆಗಳೆಲ್ಲ ಅವನಿಗೆ ಮರೆತುಹೋಗಿದ್ದವು. "ಇಲ್ಲಮ್ಮ. ಯೇಸು ಹತ್ರ ಇದಾನಲ್ಲ, ಅಲ್ಲೆಲ್ಲಿ ಉಬ್ಬಸ? ನಾವು ಹೋಗಿ ಸೇರೋ ತನಕ ಆರಾಮಾಗಿರ್ತಾನೆ. ಅವನಿಲ್ದೆ ಗಾಡಿ ಓಡ್ಸೋಕೆ ನಂಗೇ ಆಗ್ತಿಲ್ಲ," ಎಂದವನು ಮಗುವಿನಂತೆ ಅತ್ತುಬಿಟ್ಟ.

ಅವಳ ದುಃಖದ ಕಟ್ಟೆಯೂ ಒಡೆಯಿತು. ಅತ್ತೆಯ ಹೆಗಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಳಲಿ ಬಿಡಿ, ಅಷ್ಟು ದಿನ ಅದುಮಿಟ್ಟದ್ದು. ಎಷ್ಟೋ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಅಂದಳು:

"ಅವರಿಗೋಸ್ಕರ ಕೇಳಿದ್ದು ಸಾಕು ಅಣ್ಣ. ನಂಗೋಸ್ಕರ ಕೇಳಿ. ಈಗ ಉಸಿರು ಕಟ್ತಿರೋದು ನಂಗೆ."