ಹನ್ನೊಂದು ಅಡಿ ಮೇಲಿನ ಕತ್ತಲೆ

ಕಳೆದ ಡಿಸೆಂಬರಿನ ಮೊದಲ ಶನಿವಾರ, ಮಧ್ಯಾಹ್ನ ಮೂರು ಗಂಟೆ. ಇಳಕಲ್ಲಿನ ಒಂದು ಸಭಾಭವನದಲ್ಲಿ ನಾನು, ರಂಗದ ಕಬ್ಬಿಣದ ಕೆಲಸ ಮಾಡಿದ ಮೆಹಬೂಬಸಾಬ, ನೃತ್ಯಗಾರ್ತಿ ರೇಣುಕಾ, ಮೂವರೇ ಇದ್ದೆವು. ಬಾಗಲಕೋಟೆಯ ದೂರವಾಣಿ ಕೇಂದ್ರದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದ ನಾನು ನೃತ್ಯ ತಂಡಗಳಿಗೆ ಎಲ್‌ಇಡಿ ದೀಪ ಜೋಡಿಸುವ ಕೆಲಸ ಹಿಡಿದಿದ್ದೆ. ಉಡುಪಿನಲ್ಲೂ ರಂಗಸಜ್ಜಿಕೆಯಲ್ಲೂ ಪುಟ್ಟ ರಿಸೀವರ್‌ಗಳಿರುತ್ತವೆ. ನನ್ನ ಕೈಯ ಟ್ರಾನ್ಸ್‌ಮಿಟರ್ ತಂತಿಯಿಲ್ಲದೆ ಸಂಕೇತ ಕಳಿಸಿದರೆ ಎಲ್ಲ ದೀಪಗಳೂ ಒಟ್ಟಿಗೆ ಹೊತ್ತುತ್ತವೆ, ಒಟ್ಟಿಗೆ ಆರುತ್ತವೆ.

ಅಂದು ನವಿಲಿನ ನೃತ್ಯದ ತಾಲೀಮು. ರೇಣುಕಾ ಕಬ್ಬಿಣದ ಕಾಲುಗಳ ಮೇಲೆ ಹಲಗೆ ಹಾಸಿದ ಹನ್ನೊಂದು ಅಡಿ ಎತ್ತರದ ಕಟ್ಟೆಯ ಮೇಲೆ ಮೂರು ಸುತ್ತು ತಿರುಗಿ, ಹಿಂದಿನ ಮೆಟ್ಟಿಲಿಳಿದು ಬರಬೇಕು. ಕಟ್ಟೆಯ ಅಂಚು ತೋರಿಸುವುದು ನನ್ನ ದೀಪಗಳೇ. ಕಿಟಕಿಗಳಿಗೆ ಕಪ್ಪು ಬಟ್ಟೆ ಹಾಕಿಸಿದ್ದೆ. ವೈ-ಫೈ ನಮ್ಮ ಸಂಕೇತಕ್ಕೆ ಅಡ್ಡ ಬರಬಾರದೆಂದು ಮೂವರ ಮೊಬೈಲುಗಳನ್ನೂ ಹೊರಗಿನ ಕೋಣೆಯಲ್ಲಿ ಇಡಿಸಿದ್ದೆ. ಅದು ನನ್ನ ನಿಯಮ.

ಎರಡನೇ ಸುತ್ತಿನ ನಡುವೆ ಎಲ್ಲ ದೀಪಗಳೂ ಆರಿದವು. ಗೆಜ್ಜೆ ಘಲ್ಲೆಂದು ನಿಂತಿತು.

“ಕಾಕಾ, ಏನಾತ್ರಿ?”

“ಅಲ್ಲೇ ಕುಂಡ್ರವಾ!”

“ಕುಂಡ್ರಾಕ ಬರಂಗಿಲ್ರಿ, ಬೆನ್ನಿಗಿ ಗರಿ ಕಟ್ಟೀರಿ. ಪಾವಟಿಗಿ ಯಾ ಕಡಿ ಅದಾವ್ರಿ?”

ಮೆಟ್ಟಿಲು ಯಾವ ಕಡೆಯೆಂದು ಆ ಕತ್ತಲೆಯಲ್ಲಿ ನನಗೂ ತಿಳಿಯಲಿಲ್ಲ. ಕೆಳಗೆ ಸಿಮೆಂಟಿನ ನೆಲ. ಗುಂಡಿ ಒತ್ತಿದೆ, ಮತ್ತೆ ಒತ್ತಿದೆ. ಒಂದು ದೀಪವೂ ಹೊತ್ತಲಿಲ್ಲ. ಬೆಳಕು ಬಿಡಲು ಮೊಬೈಲುಗಳೂ ಒಳಗಿರಲಿಲ್ಲ. ಗೋಡೆಯ ಸ್ವಿಚ್ ಹುಡುಕಲು ಹೊರಟ ಮೆಹಬೂಬಸಾಬ ಕುರ್ಚಿಗಳಿಗೆ ಎಡವುತ್ತಿದ್ದ. “ಗ್ವಾಡಿನ ಸಿಗವಲ್ದರೀ ಸಾಹೇಬ್ರ!”

ಮೇಲೆ ಹಲಗೆ ಕಿರ್ರೆಂದಿತು. “ಅಂಚು ಎಲ್ಲೈತಿ ಗೊತ್ತಾಗವಲ್ದರಿ ಕಾಕಾ.”

ಆಗ ನನ್ನ ಮುಂದಿನ ಮೇಜಿನ ಕೆಳಗೆ ಒಂದು ಕೆಂಪು ಚುಕ್ಕೆ ಮಿಣುಕುವುದು ಕಂಡಿತು. ಇಡೀ ಸಭಾಭವನದಲ್ಲಿ ಬೆಳಕಿದ್ದದ್ದು ನನ್ನ ಚೀಲದೊಳಗೆ ಮಾತ್ರ.

ದೂರವಾಣಿ ಕೇಂದ್ರದಲ್ಲಿ ಬದಲಿ ಯಂತ್ರ ಸದಾ ಚಾಲೂ ಇರಬೇಕು. ಅದೇ ರೂಢಿಯಿಂದ ಬದಲಿ ಟ್ರಾನ್ಸ್‌ಮಿಟರನ್ನೂ ಚಾಲೂ ಮಾಡಿ ಚೀಲದಲ್ಲಿಟ್ಟಿದ್ದೆ. ಚೀಲದಲ್ಲಿದ್ದ ಇಕ್ಕಳ ಜಾರಿ ಅದರ ‘ಎಲ್ಲ ಆರಿಸು’ ಗುಂಡಿಯನ್ನು ಒತ್ತಿ ಕುಳಿತಿತ್ತು. ನಾನು ಹೊತ್ತಿಸಿದ್ದನ್ನೆಲ್ಲ ಅದು ಆರಿಸುತ್ತಿತ್ತು. ಅದರ ಬ್ಯಾಟರಿ ಕಿತ್ತು, ಕೈಯಲ್ಲಿದ್ದ ಟ್ರಾನ್ಸ್‌ಮಿಟರಿನ ಗುಂಡಿ ಒತ್ತಿದೆ.

ಬೆಳಕು ಬಂತು. ರೇಣುಕಾಳ ಬಲ ಹಿಮ್ಮಡಿ ಅಂಚಿನಿಂದ ಆಚೆಗಿತ್ತು.

ಅವಳು ಇಳಿದು, ಗರಿ ಬಿಚ್ಚಿಸಿಕೊಂಡು, ಒಂದು ಚರಿಗೆ ನೀರು ಕುಡಿದಳು. ಮೆಹಬೂಬಸಾಬ ಮೊಣಕಾಲು ತಿಕ್ಕಿಕೊಳ್ಳುತ್ತ, “ಇನ್ನೂ ಯಾವರ ನೇಮ ಅದಾವೇನ್ರಿ? ಈಗ ಹೇಳಿಬಿಡ್ರಿ,” ಎಂದ.

ನಾನು ಕಟ್ಟೆಯ ಹಿಂಬದಿಗೆ ಒಂದು ಕೋಲು ಕಟ್ಟಿ, ಅದಕ್ಕೆ ತಂತಿಯ ಬಲ್ಬೊಂದನ್ನೂ ಅದರದೇ ಬೇರೆ ಸ್ವಿಚ್ಚನ್ನೂ ಕೂಡಿಸಿದೆ. ಟ್ರಾನ್ಸ್‌ಮಿಟರ್ ಈಗ ರೇಣುಕಾಳ ಕೈಯಲ್ಲಿತ್ತು.

“ನೀವ ಏರ್ರಿ ಕಾಕಾ. ನಾ ಆರಸ್ತೇನಿ.”

ಏರಿದೆ. ಆರಿಸಿದಳು. ಕಾಲ ಕೆಳಗಿನ ಹಲಗೆ ಎಲ್ಲಿ ಮುಗಿಯುತ್ತದೆಂದು ತಿಳಿಯಲಿಲ್ಲ. ಕೈ ಚಾಚಿದಲ್ಲಿ ಸ್ವಿಚ್ ಸಿಗಲಿಲ್ಲ. ಯಾವ ನಿಯಮವನ್ನೇ ಆಗಲಿ, ಅದನ್ನು ನಂಬಿ ನಿಲ್ಲುವವರ ಜಾಗದಲ್ಲಿ ನಿಂತು ನೋಡದೆ ಮಾಡಬಾರದೆಂದು ಕಲಿತದ್ದು ಅಲ್ಲಿ.

ಬೆಳಕು ಹಾಕಿಸಿ, ಸ್ವಿಚ್ಚನ್ನು ಒಂದು ಗೇಣು ಕೆಳಗೆ ಸರಿಸಿ, ಮತ್ತೆ ಆರಿಸಲು ಹೇಳಿದೆ. ಐದೂವರೆಗೆ, ಎರಡನೇ ಸಲದ ಕತ್ತಲೆಯಲ್ಲಿ, ಅದು ಕೈಗೆ ಸಿಕ್ಕಿತು.