ಕೆಂಪು ನೂಲಿನ ಡಬ್ಬಿ

ಮೊಮ್ಮಕ್ಕಳೇ, ಬೇಬಿ, ಬಾಬಾ! ಪಕ್ಕದ ಮನೆಯ ಭಟ್ಟರು ನನ್ನನ್ನು ಕಂಡಾಗಲೆಲ್ಲ "ನೂಲು ಕಟ್ಟಿದ್ದೀರಾ?" ಎಂದು ಯಾಕೆ ನಗುತ್ತಾರೆಂದು ನೀವು ಕೇಳಿದ್ದಿರಿ. ಎದುರು ಕೂತು ಹೇಳಲು ನನಗೆ ನಾಚಿಕೆ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಮದುವೆಯಾಗಿ ಕೂಳೂರು ಸೇತುವೆ ದಾಟಿ ಮಣ್ಣಗುಡ್ಡದ ಈ ಮನೆಗೆ ಬಂದ ಮೇಲೂ ನೆರೆಯವರೊಡನೆ ಮಾತನಾಡುತ್ತಿದ್ದದ್ದು ನಿಮ್ಮ ಅಜ್ಜನೇ. ನನ್ನ ಪರವಾಗಿ ಮಾತನಾಡುತ್ತಿದ್ದದ್ದು ಕ್ರಿಸ್‌ಮಸ್‌ಗೆ ನಾನು ಕಳಿಸುವ ತಿಂಡಿಯ ತಟ್ಟೆ.

ಭಟ್ಟರು ದೇವಸ್ಥಾನದಲ್ಲಿ ಪೂಜೆ ಮಾಡುವವರು. ಅವರ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ. ಅವರಿಗೆಂದೇ ನಾನು ಬೇರೆ ಬಾಣಲೆ, ಬೇರೆ ಹೂವಿನ ಅಚ್ಚು ಇಟ್ಟಿದ್ದೇನೆ. ಮೊದಲು ಮೊಟ್ಟೆ ಹಾಕದ ಹಿಟ್ಟಿನಲ್ಲಿ ಅವರ ರೋಸ್ ಕುಕ್ಕೀಸ್ ಕರಿದು, ಒಂದು ಡಬ್ಬಿಗೆ ತುಂಬಿಸಿ, ಹಿಡಿಗೆ ಕೆಂಪು ನೂಲು ಕಟ್ಟುತ್ತೇನೆ. ಆಮೇಲೆ ಮೊಟ್ಟೆ ಹಾಕಿ ನಮ್ಮದು. ಅದನ್ನು ನಂಬಿಯೇ ಅವರು ನಮ್ಮ ಮನೆಯದ್ದು ತಿನ್ನುತ್ತಿದ್ದರು.

ನಿಮ್ಮ ಅಜ್ಜ ತೀರಿಹೋದ ಮೇಲಿನ ಎರಡನೆಯ ಕ್ರಿಸ್‌ಮಸ್ ಅದು. ತಟ್ಟೆ ಕಳಿಸಿದ ಮರುದಿನ ಭಟ್ಟರ ಹೆಂಡತಿ ಗೋಡೆಯಾಚೆಯಿಂದ, "ಬಾಯಮ್ಮ, ಈ ಸಲ ಭಾರೀ ಲಾಯ್ಕಾಗಿದೆ. ಇವರೇ ನಾಲ್ಕು ತಿಂದ್ರು" ಎಂದರು. ನಾನು ಹಿಗ್ಗಿದೆ.

ಜನವರಿ ಆರರ ಮೂವರು ಅರಸರ ಹಬ್ಬ ಕಳೆದು, ಮನೆಯ ಮುಂದಿನ ನಕ್ಷತ್ರ ಇಳಿಸಿ, ಯೇಸು ಹುಟ್ಟಿದ ಗೋದಲಿಯ ಗೊಂಬೆಗಳನ್ನು ಕಾಗದದಲ್ಲಿ ಸುತ್ತಿಟ್ಟು, ಡಬ್ಬಿಗಳನ್ನು ತೊಳೆಯಲು ತೆಗೆದೆ. ಕೆಂಪು ನೂಲಿನ ಡಬ್ಬಿ ಭಾರವಾಗಿತ್ತು. ಮುಚ್ಚಳ ತೆಗೆದರೆ ತುಂಬ ಕುಕ್ಕೀಸ್. ಹಬ್ಬದ ಗಡಿಬಿಡಿಯಲ್ಲಿ ನನ್ನ ಕೈ ಪಕ್ಕದ ಡಬ್ಬಿಗೆ ಹೋಗಿತ್ತು. ಭಟ್ಟರು ತಿಂದದ್ದು ಮೊಟ್ಟೆಯದ್ದು.

ನಿಮ್ಮ ಮಮ್ಮಿ ಅತ್ತೆಯಾದ ನನ್ನ ಮುಖ ನೋಡಿ, "ಮಾಯಿ, ಅವರಿಗೆ ಗೊತ್ತೇ ಇಲ್ಲ. ಹೇಳಿ ಎಂತಕ್ಕೆ ಅವರ ಮನಸ್ಸು ಕೆಡಿಸುವುದು?" ಎಂದಳು. ಅವಳು ಹೇಳಿದ್ದರಲ್ಲಿಯೂ ನ್ಯಾಯ ಇತ್ತು. ಹೇಳಿದರೆ ಇಷ್ಟು ವರ್ಷದ ನೆರೆಯ ನಂಟು ಮುರಿಯಬಹುದು. ಎರಡು ದಿನ ಜಪಸರ ಹಿಡಿದು ಕೂತರೂ ಮನಸ್ಸು ಜಪದಲ್ಲಿ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ನಾವು ಕ್ರೈಸ್ತರೆಂದು ನಕ್ಷತ್ರವೇ ಹೇಳುತ್ತದೆ. ಅದನ್ನು ಇಳಿಸಿದ ಮೇಲೆ ನಾವೇ ನಡತೆಯಲ್ಲಿ ಹೇಳಬೇಕಲ್ಲವೇ?

ಮೂರನೆಯ ದಿನ ಸೀರೆ ಬದಲಾಯಿಸಿ ಅವರ ಮನೆಗೆ ಹೋದೆ. ಜೀವಮಾನದಲ್ಲಿ ಒಬ್ಬಳೇ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಭಟ್ಟರೂ ಹೆಂಡತಿಯೂ ಜಗಲಿಯಲ್ಲಿದ್ದರು. "ಅಕ್ಕ, ಆ ಕುಕ್ಕೀಸಿನಲ್ಲಿ ಮೊಟ್ಟೆ ಇತ್ತು. ಡಬ್ಬಿ ಬದಲಾಯಿತು. ತಪ್ಪು ನನ್ನದು" ಎಂದೆ. ಮೂರೇ ಮಾತು. ಭಟ್ಟರು ಎದ್ದು ಬಾವಿಕಟ್ಟೆಯ ಕಡೆಗೆ ಹೋದರು. ಮರುದಿನ ಅವರು ಉಪವಾಸವಿದ್ದರೆಂದು ಆಮೇಲೆ ಗೊತ್ತಾಯಿತು.

ಜನವರಿ ಹೋಯಿತು, ಫೆಬ್ರವರಿ ಹೋಯಿತು. ನಮ್ಮ ತಟ್ಟೆ ಅವರ ಮನೆಯಲ್ಲೇ ಉಳಿಯಿತು. ಅಕ್ಕ ಬಟ್ಟೆ ಒಣಹಾಕಲು ಬಂದರೆ ನಾನು ಒಳಗೆ ಸರಿಯುತ್ತಿದ್ದೆ. ಆದರೂ ಜಪಸರ ಹಿಡಿದರೆ ಮನಸ್ಸು ನಿಲ್ಲುತ್ತಿತ್ತು.

ಏಪ್ರಿಲಿನಲ್ಲಿ, ಅವರ ಹೊಸ ವರ್ಷವಾದ ಬಿಸು ಹಬ್ಬದ ಬೆಳಿಗ್ಗೆ ಗೇಟಿನ ಸದ್ದಾಯಿತು. ಭಟ್ಟರೇ ಬಂದಿದ್ದರು, ಕೈಯಲ್ಲಿ ನಮ್ಮ ತಟ್ಟೆ, ಅದರ ತುಂಬ ಬೆಲ್ಲದ ಸುಕ್ರುಂಡೆ.

"ನೀವು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಬಾಯಮ್ಮ" ಎಂದರು. "ಸಿಟ್ಟು ಬಂದದ್ದು ಹೌದು. ಆದ್ರೆ ಹೇಳಿದ್ರಲ್ಲ, ಹಾಗಾಗಿ ಮುಂದಿನ ಸಲವೂ ನಿಮ್ಮ ಮನೆಯದ್ದು ತಿನ್ಲಿಕ್ಕೆ ಧೈರ್ಯ ಉಂಟು. ನೂಲು ಮಾತ್ರ ಸ್ವಲ್ಪ ದಪ್ಪದ್ದು ಕಟ್ಟಿ."

ಗೋಡೆಯಾಚೆಯಿಂದ ಅಕ್ಕನ ಸ್ವರ ಬಂತು: "ಅವತ್ತು ನಾಲ್ಕು ತಿಂದು, ಇನ್ನೆರಡು ಉಂಟಾ ಅಂತ ಕೇಳಿದವರು ಇವರೇ ಮಾರಾಯ್ರೆ."

ಭಟ್ಟರು ಕಿವಿ ಕೇಳದವರ ಹಾಗೆ ಆಕಾಶ ನೋಡಿದರು. ನಾನು ಸೆರಗು ಬಾಯಿಗಿಟ್ಟು ನಕ್ಕೆ.

ಚರ್ಚಿನಲ್ಲಿ ನಾನು ಯಾವತ್ತೂ ಎದ್ದು ನಿಂತು ಓದಿದವಳಲ್ಲ, ಯಾವ ಸಂಘದ ಹುದ್ದೆಯೂ ನನಗಿರಲಿಲ್ಲ. ಆದರೆ ಆ ಮೆಟ್ಟಿಲು ಹತ್ತಿದ್ದನ್ನು ನೆನೆದರೆ ಇವತ್ತಿಗೂ ನನಗೆ ಹೆಮ್ಮೆ. ನಿಮ್ಮ ಅಜ್ಜ ಇದ್ದಿದ್ದರೆ ಅವರಿಗೂ ಆಗುತ್ತಿತ್ತು.

ಈ ಹಾಳೆಗಳನ್ನು ಕೆಂಪು ನೂಲಿನ ಡಬ್ಬಿಯಲ್ಲಿ ಇಡುತ್ತೇನೆ. ಡಿಸೆಂಬರಿನಲ್ಲಿ ಭಟ್ಟರ ಮನೆಯ ಕುಕ್ಕೀಸ್ ತುಂಬಿಸುವಾಗ ಹೊರಗೆ ತೆಗೆದಿಡಿ, ಎಣ್ಣೆ ತಾಗಿಸಬೇಡಿ. ಡಬ್ಬಿ ಖಾಲಿಯಾದ ಮೇಲೆ ಮತ್ತೆ ಅದರಲ್ಲೇ ಜೋಪಾನವಾಗಿ ಇಡಿ.